ಕಿನು ಮಸೆದ ಅಲಗು

ತಕಾಯಾಮಾ, ಶುಕ್ರವಾರ

ಟೊಕುಜಿ ಅವರಿಗೆ,

ಕೈ ನೋವು ಕಡಿಮೆಯಾಯಿತೇ? ಇನ್ನು ಬಡಗಿ ಕೆಲಸ ಸಾಧ್ಯವಿಲ್ಲ, ಹತ್ಯಾರುಗಳನ್ನು ಮಾರಿಬಿಡು ಎಂದು ಆಸ್ಪತ್ರೆಯಿಂದ ಬರೆದಿದ್ದಿರಿ. ಕೊಳ್ಳುವವರು ಬರುವ ಮೊದಲು ಮರ ನುಣುಪು ಮಾಡುವ ಕೀಸುಳಿಯ ಅಲಗಿನ ತುಕ್ಕು ತೆಗೆಯೋಣವೆಂದು ಮಸೆಗಲ್ಲಿಗೆ ನೀರು ಹಾಕಿ ಕೂತೆ. ಮೂವತ್ತು ವರ್ಷ ನಿಮ್ಮನ್ನು ನೋಡಿದವಳಲ್ಲವೇ! ಮಧ್ಯಾಹ್ನ ಕೀಸುಳಿಯನ್ನು ದೇವದಾರು ಹಲಗೆಯ ಮೇಲೆ ಎಳೆದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಬಂತು.

ಸದ್ದು ಕೇಳಿ ಪಕ್ಕದ ಮನೆಯ ಬಡಗಿ ಗೆನ್ಸಾಕು ಓಡಿಬಂದ. “ಏನತ್ತಿಗೆ, ಅಣ್ಣ ಬಂದ್ಬಿಟ್ರಾ?”

“ಇಲ್ಲಪ್ಪ, ನಾನೇ ಮಸೆದೆ.”

ಅವನು ಅಲಗನ್ನು ಬೆಳಕಿಗೆ ಹಿಡಿದು ನಕ್ಕ. “ಒಂದ್ಕಡೆ ಜಾಸ್ತಿ ಒತ್ತಿದ್ದೀರ. ಅಣ್ಣ ನೋಡಿದ್ರೆ ಬೈತಾರೆ!”

ಕೊಳ್ಳಲು ಬಂದವರಿಗೆ ಚಹಾ ಕೊಟ್ಟು ಹಾಗೆಯೇ ಕಳುಹಿಸಿದೆ. ಕೋಪ ಮಾಡಿಕೊಳ್ಳಬೇಡಿ. ಕಲ್ಲಿನ ಮೇಲೆ ಒತ್ತಲು ನನ್ನ ಕೈಗಳಿವೆ. ಪಕ್ಕದಲ್ಲಿ ಕೂತು ಬೈಯಲು ನೀವು ಬೇಕು. ಮಂಗಳವಾರ ನೀವು ಆಸ್ಪತ್ರೆಯಿಂದ ಬರುವಾಗ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.

ನಿಮ್ಮ
ಕಿನು