ಗಂಗಿಯ ಪಾಲಿನ ಲೋಟ

ಹೆಬಳೆ, ಭಟ್ಕಳ ತಾಲೂಕು
ಸೋಮವಾರ, ೯ ನವೆಂಬರ್ ೧೯೬೪

ಪ್ರೀತಿಯ ತಮ್ಮ ಮಾದೇವನಿಗೆ,

ನಿನ್ನ ಮೈ ಹೇಗಿದೆ ಮಾರಾಯಾ? ಮುಂಬೈ ನೀರಿಗೆ ಹೊಟ್ಟೆ ಕೆಡುವುದು ನಿಂತಿತೋ? ಕೋಣೆಯ ಜೊತೆಗಾರ ಕೃಷ್ಣಾನಂದನ ಕೆಮ್ಮು, ನಿಮಗೆಲ್ಲ ಅನ್ನ ಬೇಯಿಸಿ ಹಾಕುವ ಜಟ್ಟಣ್ಣನ ಮೊಣಕಾಲು ಹೇಗಿವೆ? ಇಲ್ಲಿ ಲಿಂಗಪ್ಪ ಚಿಕ್ಕಪ್ಪ ಗಟ್ಟಿಯಾಗಿದ್ದಾರೆ. ಹೇಗೆ ಗಟ್ಟಿಯಾದರು ಎಂಬುದನ್ನು ಮುಂದೆ ಬರೆಯುತ್ತೇನೆ. ನಿನ್ನ ಮಗಳು ಗಣಪಿ ಗೋಡೆ ಹಿಡಿದು ನಿಲ್ಲುತ್ತಾಳೆ, ನಿಂತದ್ದಕ್ಕೆ ತನಗೇ ಆಶ್ಚರ್ಯವಾಗಿ ಕುಳಿತುಬಿಡುತ್ತಾಳೆ. ಇನ್ನು ನಿನ್ನ ಹೆಂಡತಿ ಗಂಗಿ. ಅವಳ ಸಲುವಾಗಿಯೇ ಈ ಕಾಗದ. ಹೆದರಬೇಡ, ಪೂರ್ತಿ ಓದು.

ಹೋದ ಕಾಗದದಲ್ಲಿ, ಗಂಗಿಗೆಂದು ನೀನು ಕಳಿಸಿದ ರಸ ಹಿಂಡುವ ಯಂತ್ರ ಸರಿಯಿಲ್ಲ ಎಂದು ಬರೆದಿದ್ದೆನಲ್ಲ, ಅದನ್ನು ಹಿಡಿದುಕೊಂಡು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡ. ಯಂತ್ರದ ತಪ್ಪಿಲ್ಲ. ಕರೆಂಟಿನದೋ ಕೈಯಲ್ಲಿ ತಿರುಗಿಸುವುದೋ ಎಂದು ನೀನು ಕೇಳಿದಾಗ ನಾನು ಸುಮ್ಮನೆ ಉತ್ತರ ಬರೆದವಳಲ್ಲ. ಹೆಬಳೆಗೆ ಕರೆಂಟು ಬರುವಾಗ ಬರಲಿ, ಕೈಯದೇ ಬೇಕು ಎಂಬುದು ನನಗೆ ಗೊತ್ತಿತ್ತು. ಕೈಯದರಲ್ಲಿ ಯಾವುದು ಎಂಬುದು ಗೊತ್ತಿರಲಿಲ್ಲ. ಭಟ್ಕಳದಲ್ಲಿ ನಾನು ಹರಿವೆ ಸೊಪ್ಪು ಕೊಡುವ ನವಾಯತರ ಮನೆಯ ಬೀಬಿಯವರ ಹತ್ತಿರ ಅಂಥದೊಂದಿದೆ. ಒಳಗೆ ಕರೆದು, ಬಿಚ್ಚಿ ತೋರಿಸಿದರು. "ಒಳಗೆ ಕಲಾಯಿ ಇಲ್ಲದ್ದು ತಕೊಳ್ಬೇಡ ನಾಗಿ. ರಸ ಕಪ್ಪಾಗ್ತದೆ, ಕಬ್ಬಿಣ ನೆಕ್ಕಿದ ಹಾಗೆ ಇರ್ತದೆ" ಎಂದರು. ತೊಳೆಯಲು ಪೂರ್ತಿ ಬಿಚ್ಚುವಂತಿರಬೇಕು, ಹಿಡಿ ಮರದ್ದಿರಬೇಕು ಎಂದೂ ಅವರೇ ಹೇಳಿಕೊಟ್ಟದ್ದು. ನೀನು ಹಾಗೆಯೇ ನೋಡಿ ಕಳಿಸಿದೆ. ಆದರೆ ನಮ್ಮ ಅಡುಗೆಮನೆಯ ಕೆಲಸವೆಲ್ಲ ನೆಲದ ಮೇಲೆ, ಯಂತ್ರ ಕಚ್ಚಿಕೊಳ್ಳಲು ಒಂದು ಅಂಚು ಬೇಡವೇ? ಕೊನೆಗೆ ಜಗಲಿಯ ಬೆಂಚಿಗೆ ತಿರುಪು ಬಿಗಿದೆವು. ನೀನು ಅದರ ಮೇಲೆ ಕುಳಿತು ಮಗ್ಗಿ ಹೇಳುತ್ತಿದ್ದೆ, ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತ ನಿನ್ನ ಪುಸ್ತಕದಿಂದ ಅಕ್ಷರ ಕದಿಯುತ್ತಿದ್ದೆ, ಅದೇ ಬೆಂಚು.

ದಿನಾ ಬೆಳಿಗ್ಗೆ ಗಂಗಿ ಕೆಂಪು ಹರಿವೆ, ಸೌತೆಕಾಯಿ, ಸಂತೆಯಲ್ಲಿ ಸಿಕ್ಕರೆ ಬೀಟ್‌ರೂಟು ಹೆಚ್ಚಿ ಯಂತ್ರದ ಬಾಯಿಗೆ ಹಾಕುತ್ತಾಳೆ, ನಾನು ತಿರುಗಿಸುತ್ತೇನೆ. ಸೊಪ್ಪನ್ನು ಸುಮ್ಮನೆ ತುರುಕಿದರೆ ನಾರು ಸುತ್ತಿಕೊಂಡು ನಿಂತುಬಿಡುತ್ತದೆ. ಸೌತೆಯ ಹೋಳಿನ ನಡುವೆ ಇಟ್ಟು ಹಾಕಬೇಕು, ಅದನ್ನು ನಾವೇ ಕಂಡುಕೊಂಡೆವು. ಚಿಕ್ಕಪ್ಪ ಗೋಡೆಗೆ ಒರಗಿ, "ಇಷ್ಟೊತ್ತು ದೋಣಿ ಹುಟ್ಟು ಹಾಕಿದ್ರೆ ತೆಂಗಿನಗುಂಡಿ ಬಂದರ ಮುಟ್ತಿದ್ಯಲೆ ಹೆಣ್ಣೆ" ಎನ್ನುತ್ತಾರೆ. ಹಿಂಡಿ ಆದಮೇಲೆ ಗಂಗಿ ಪಾತ್ರೆಯನ್ನು ಒಳಗೊಯ್ದು ಸೋಸಿ, ನನಗೂ ಚಿಕ್ಕಪ್ಪನಿಗೂ ಒಂದೊಂದು ಲೋಟ ತಂದುಕೊಡುತ್ತಿದ್ದಳು. ರಕ್ತ ಏರಲು ಸೊಪ್ಪಿನ ರಸ ಕುಡಿ ಎಂದು ಡಾಕ್ಟರು ಹೇಳಿದ್ದು ಅವಳಿಗಲ್ಲವೇ ಎಂದರೆ, ತನ್ನದು ಒಳಗೇ ಕುಡಿದು ಮುಗಿಯಿತು ಎನ್ನುತ್ತಿದ್ದಳು. ನಾನು ನಂಬಿದೆ.

ಹೊನ್ನಾವರದ ಡಾಕ್ಟರು ಮತ್ತೆ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ಮುಖ ಸಣ್ಣ ಮಾಡಿದರು. ರಕ್ತ ಏರಲೇ ಇಲ್ಲ, ಹೀಗೇ ಆದರೆ ಮಗುವಿಗೆ ಹಾಲು ಬಿಡಿಸಿ ಇವಳನ್ನು ದವಾಖಾನೆಯಲ್ಲೇ ಇಡಬೇಕಾಗುತ್ತದೆ ಎಂದರು. ಕುಮಟೆಯಲ್ಲಿ ತಾಯಿಮನೆಯ ಬಾಣಂತನ ಮುಗಿಸಿ ಬಂದಾಗಿನ ಬಿಳುಪು ಹಾಗೆಯೇ ಇದೆ. ಆ ಸಿಟ್ಟಿನಲ್ಲೇ ಯಂತ್ರವನ್ನು ಬೈದು ನಿನಗೆ ಬರೆದದ್ದು. ಬರೆದು ಹಾಕಿದ ಮೇಲೆ ಅನುಮಾನ ಬಂತು. ಹಿಂಡಿ ಉಳಿದ ಚರಟ ಹೊರಬರುವಾಗ ಒಣಗಿಯೇ ಇರುತ್ತದೆ, ಅಂದರೆ ರಸ ಪೂರ್ತಿ ಇಳಿಯುತ್ತದೆ. ಚಿಕ್ಕಪ್ಪನ ಕೆನ್ನೆ ತುಂಬಿದೆ, ಕೋಲು ಬಿಟ್ಟು ಸಂತೆಗೆ ನಡೆಯುತ್ತಾರೆ. ನನಗೂ ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಕುಡಿದವರಿಗೆ ಹತ್ತಿದೆ, ಇವಳಿಗೆ ಮಾತ್ರ ಯಾಕಿಲ್ಲ?

ಮರುದಿನ ಲೋಟ ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಹೋದೆ. ಒಲೆಯ ಮುಂದೆ ಕುಳಿತು ಗಂಗಿ ಆ ಚರಟಕ್ಕೆ ಉಪ್ಪು ಬೆರೆಸಿ ತಿನ್ನುತ್ತಿದ್ದಳು. ರಸದ ಪಾತ್ರೆ ಖಾಲಿ, ಅವಳ ಪಾಲಿನ ಲೋಟ ಒಣಗಿಯೇ ಇತ್ತು. ಎಂತದೇ ಇದು ಎಂದೆ. ತಲೆ ಎತ್ತಲಿಲ್ಲ. "ಹಿರಿಯರಿಗೆ ಕೊಟ್ಟು ಉಳದ್ರೆ ಕುಡೀತೆ ಅತ್ತಿಗೆ. ಉಳೂದಿಲ್ಲ, ಎಂತ ಮಾಡೂದು? ಇದನ್ನ ಬಿಸಾಡೂಕೂ ಮನಸ್ ಬರೂದಿಲ್ಲ. ನಂಗೆ ಇದೇ ಆತು."

ಬೈಯಬೇಕೆಂದಿದ್ದವಳು ಅವಳ ಪಕ್ಕದಲ್ಲೇ ಕುಳಿತುಬಿಟ್ಟೆ, ಮಾದೇವ. ನಿನಗೆ ಜ್ವರ ಬಂದು ಏಳಲಾರದೆ ಮಲಗಿದ್ದ ಆ ಮಳೆಗಾಲದ ನೆನಪಿದೆಯೇ? ಅವ್ವಿ ಗದ್ದೆಯಂಚಿನ ಒಂದೆಲಗ ಕಿತ್ತು ತಂದು, ಒರಳಲ್ಲಿ ಜಜ್ಜಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡುತ್ತಿದ್ದಳು. ಮೊದಲ ಹಿಂಡು ನಿನಗೆ, ಎರಡನೆಯದು ನನಗೆ. ಆಮೇಲೆ ಬಟ್ಟೆ ಬಿಚ್ಚಿ, ಉಳಿದ ಹಸಿರು ಉಂಡೆಗೆ ಉಪ್ಪು ತಾಗಿಸಿ ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ರಸ ಬೇಡವೇ ಎಂದು ನೀನು ಕೇಳಿದರೆ, ರುಚಿಯೆಲ್ಲ ಇದರಲ್ಲೇ ಇರುವುದು ಮಗಾ ಎನ್ನುತ್ತಿದ್ದಳು. ಇಷ್ಟು ವರ್ಷ ನಾನು ಅವ್ವಿಗೆ ಚರಟವೇ ಇಷ್ಟ ಎಂದುಕೊಂಡಿದ್ದೆ. ನೀನೂ ಹಾಗೆಯೇ ಅಂದುಕೊಂಡಿರಬೇಕು.

ಈಗ ಪಾತ್ರೆಯನ್ನು ಒಳಗೆ ಹೋಗಲು ಬಿಡುವುದಿಲ್ಲ, ಬೆಂಚಿನ ಹತ್ತಿರವೇ ಲೋಟಕ್ಕೆ ಸುರಿದು ಅವಳ ಕೈಗೆ ಕೊಡುತ್ತೇನೆ. ಒಂದು ಗುಟುಕು ಕುಡಿದು, ನಾನು ಗಣಪಿಯ ಕಡೆ ತಿರುಗುವುದರೊಳಗೆ ಅದು ಚಿಕ್ಕಪ್ಪನ ಕೈಯಲ್ಲಿರುತ್ತದೆ. ಅವಳಿಗೆ ಉಳಿಯಲೆಂದು ಅವರು ಕುಡಿಯುವುದನ್ನೇ ಬಿಟ್ಟರು, ಆಗ ನನ್ನ ಮುಂದೆ ತಂದಿಟ್ಟಳು. ಹಿರಿಯಳಾಗಿ ನಾನು ಎಷ್ಟು ಹೇಳಿದರೂ, ಹಿರಿಯಳೆಂಬ ಕಾರಣಕ್ಕೇ ಮೊದಲು ನನಗೆ ಕೊಡುತ್ತಾಳೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಚಳಿ ಬಂತು, ಕಿವಿಗೆ ಬಟ್ಟೆ ಕಟ್ಟಿಕೋ. ಅವ್ವಿ ಇದ್ದಿದ್ದರೆ ಹೇಗೆ ಹರಸುತ್ತಿದ್ದಳೋ ಹಾಗೆ ಹರಸುತ್ತೇನೆ.

ನಿನ್ನ ಅಕ್ಕ,
ನಾಗಿ

ತಾ.ಕ.: ಟಪಾಲಿನ ಶುಕ್ರ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಯಾವಾಗಲೂ ನನ್ನ ಹೆಸರಿಗೆ ಬರೆದು, ಕೊನೆಯಲ್ಲಿ ಉಳಿದವರನ್ನು ಕೇಳಿದೆನೆಂದು ಹೇಳು ಎನ್ನುತ್ತೀಯ. ನಮ್ಮಲ್ಲಿ ಎಲ್ಲರೂ ಹಾಗೆಯೇ ಬರೆಯುವುದು, ಗೊತ್ತು. ಈ ಸಲ ಹಾಗೆ ಬೇಡ. ಲಕೋಟೆಯ ಮೇಲೆ ಗಂಗಿಯ ಹೆಸರೇ ಹಾಕು. "ಮೊದಲ ಲೋಟ ನೀನು ಕುಡಿ, ನಾನು ಯಂತ್ರ ಕಳಿಸಿದ್ದು ನಿನಗೆ" ಎಂದು ಅವಳಿಗೆ ನಿನ್ನ ಕೈಯಾರೆ ಬರೆ. ಅವಳಿಗೆ ಓದಲು ಬರುತ್ತದೆ, ನಾನು ಆ ಕಾಗದ ಒಡೆಯುವುದಿಲ್ಲ. ದವಾಖಾನೆಗೆ ಮತ್ತೆ ಹೋಗುವುದರೊಳಗೆ ಅದು ಇಲ್ಲಿಗೆ ಮುಟ್ಟಬೇಕು, ಇವತ್ತೇ ಬರೆ.