ಮೇಸ್ತ್ರಿಯ ಕಡತದಿಂದ ಕಾಣೆಯಾದ ಒಂದು ಸಾಲಿನ ಬಗ್ಗೆ

ಪಶುವೈದ್ಯಕೀಯ ಮಾಹಿತಿ ತಂತ್ರಜ್ಞಾನ ಸಂಘದ ಅಧ್ಯಕ್ಷರಿಗೆ,

ಮಾನ್ಯರೇ, ನಾನು ಅಳಿಸದ ಒಂದು ಸಾಲನ್ನು ನಾನೇ ಅಳಿಸಿದೆ ಎಂದು ನಿಮ್ಮ ಕಚೇರಿ ಹೇಳುತ್ತಿದೆ. ಆ ಸಾಲು ಇರಬೇಕಾದ ಜಾಗದಲ್ಲಿ ಇಲ್ಲದ ಕಾರಣಕ್ಕೆ ಒಂದು ನಾಯಿ ಸತ್ತಿದೆ. ಎರಡು ಸಲ ನಿಮಗೆ ಖಾಸಗಿಯಾಗಿ ಬರೆದೆ. ಮೊದಲ ಸಲ ಎರಡು ಸಾಲಿನ ಉತ್ತರ ಬಂತು, ಎರಡನೆಯ ಸಲ ವಕೀಲರ ಪತ್ರ ಬಂತು. ಮೂರನೆಯ ಸಲ ಏನು ಬರುತ್ತದೋ ನಾಲ್ಕು ಜನ ನೋಡಲಿ ಎಂದು ಈಗ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರ್ ಕಂಡರೆ ಮೂಗು ಮುರಿಯುವವಳಲ್ಲ. ಎಲ್ಲ ಪಶು ಆಸ್ಪತ್ರೆಗಳ ಕಡತಗಳೂ ಒಂದೇ ಕಡೆ ಇರಬೇಕು, ಯಾವ ಊರಿನ ವೈದ್ಯರು ತೆರೆದರೂ ಆ ಪ್ರಾಣಿಯ ಪೂರ್ತಿ ಚರಿತ್ರೆ ಸಿಗಬೇಕು ಎಂದು ಆರು ವರ್ಷದ ಹಿಂದೆ ನಿಮ್ಮ ಸಂಘ ಹೊರಟಾಗ ಮೊದಲು ಕೈ ಎತ್ತಿದವಳು ನಾನೇ. ಸುತ್ತಲಿನ ಹನ್ನೊಂದು ಆಸ್ಪತ್ರೆಗಳ ಬಾಗಿಲು ತಟ್ಟಿ ಅಲ್ಲಿನ ವೈದ್ಯರನ್ನು ಒಪ್ಪಿಸಿದೆ. ನನ್ನ ಕಾಂಪೌಂಡರ್ ಮಾತ್ರ ತಮ್ಮ ಉದ್ದನೆಯ ನೋಟ್‌ಬುಕ್ ಬಿಡಲಿಲ್ಲ. "ಅಣ್ಣಾ, ಒಂದೇ ಕೆಲ್ಸ ಎರಡು ಸಲ ಯಾಕೆ ಮಾಡ್ತೀರಿ?" ಎಂದರೆ, "ಅದು ನಿಮ್ದು, ಇದು ನಂದು, ಇರ್ಲಿ ಬಿಡಿ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಇವತ್ತು ನನ್ನ ಮರ್ಯಾದೆ ಉಳಿದಿದ್ದರೆ ಅದು ಆ ನೋಟ್‌ಬುಕ್ಕಿನಿಂದ.

ಸತ್ತ ನಾಯಿಯ ಹೆಸರು ಮೇಸ್ತ್ರಿ. ಊರಾಚೆ ಕುರಿ ಸಾಕಿಕೊಂಡು ಬದುಕುವ ಒಬ್ಬ ಹೆಂಗಸಿನದು. ತೊಂಬತ್ತು ಕುರಿಗಳನ್ನು ಒಂದೂ ತಪ್ಪದಂತೆ ಮುಂದೆ ನಡೆಸುತ್ತಿತ್ತು, ನಿಂತ ಕುರಿಯನ್ನು ಗದರುತ್ತಿತ್ತು, ಅದಕ್ಕೇ ಆ ಹೆಸರು. ಮೂರು ವರ್ಷದ ಹಿಂದೆ ಹುಳದ ಔಷಧಿಯೊಂದರ ಇಂಜೆಕ್ಷನ್ನನ್ನು ನಾನೇ ಕೊಟ್ಟೆ. ಗಂಟೆ ಕಳೆಯುವುದರೊಳಗೆ ಅದರ ಕಾಲು ಸೋತಿತು, ಬಾಯಲ್ಲಿ ಜೊಲ್ಲು ಸುರಿಯಿತು. ಕೆಲವು ನಾಯಿಗಳಿಗೆ ಆ ಔಷಧಿ ವಿಷವಾಗುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಗೊತ್ತಿರುವ ಮಾತೇ. ಮೂರು ದಿನ ಡ್ರಿಪ್ ಹಾಕಿ ಹೇಗೋ ಉಳಿಸಿಕೊಂಡೆವು. ಆಮೇಲೆ ನಿಮ್ಮ ಕಡತದ ಎಚ್ಚರಿಕೆಯ ಚೌಕದಲ್ಲಿ "ಈ ನಾಯಿಗೆ ಈ ಔಷಧಿಯನ್ನು ಯಾವ ಕಾರಣಕ್ಕೂ ಕೊಡಬಾರದು" ಎಂದು ಬರೆದೆ. ಕಾಂಪೌಂಡರ್ ಅದನ್ನೇ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದು, ಅಡಿಗೆರೆ ಎಳೆದು, ತಾರೀಖು ಹಾಕಿದರು. "ಇನ್ನು ಎಲ್ಲಿಗೇ ಕರ್ಕೊಂಡು ಹೋದ್ರೂ ಚಿಂತೆ ಇಲ್ಲಮ್ಮ, ಯಾರು ತೆರೆದ್ರೂ ಇದು ಕಾಣುತ್ತೆ" ಎಂದು ಆಕೆಗೆ ಧೈರ್ಯ ಹೇಳಿ ಕಳಿಸಿದೆ.

ಎರಡು ತಿಂಗಳ ಹಿಂದೆ ಮೇಸ್ತ್ರಿಗೆ ಕಜ್ಜಿಯಾಯಿತು. ನಾನು ಅಕ್ಕನ ಆಪರೇಷನ್ ಎಂದು ಊರಲ್ಲಿರಲಿಲ್ಲ. ಆಕೆ ಪಕ್ಕದ ಊರಿನ ಆಸ್ಪತ್ರೆಗೆ ಹೋದಳು. ಅಲ್ಲಿನ ವೈದ್ಯರು ನನಗಿಂತ ಹಿರಿಯರು, ಅವಸರದ ಮನುಷ್ಯರಲ್ಲ. ಕಡತ ತೆರೆದು, "ಯಾವುದಾದ್ರೂ ಔಷಧಿ ಇದಕ್ಕೆ ಆಗಿಬರಲ್ವೇನಮ್ಮ?" ಎಂದು ಕೇಳಿದ್ದಾರೆ.

"ಒಂದು ಆಗಿಬರಲ್ಲ. ಹೆಸರು ನಂಗೆ ಗೊತ್ತಿಲ್ಲ. ಡಾಕ್ಟ್ರಮ್ಮ ಅದ್ರಲ್ಲಿ ಬರ್ದಿದಾರೆ, ನೋಡಿ."

"ಇಲ್ಲಿ ಏನೂ ಇಲ್ವಲ್ಲಮ್ಮ."

"ಹಾಗಾದ್ರೆ ನಂಗೇ ತಪ್ಪು ನೆನಪಿರ್ಬೇಕು" ಎಂದಳಂತೆ ಆಕೆ. ನಮ್ಮ ಮಾತಿನ ಮೇಲೆ ಅಷ್ಟು ನಂಬಿಕೆ. ವೈದ್ಯರು ಇಂಜೆಕ್ಷನ್ ಕೊಟ್ಟರು. ಕಜ್ಜಿಗೂ ಕೊಡುವ ಅದೇ ಹುಳದ ಔಷಧಿ. ಸಂಜೆಗೆ ಮೇಸ್ತ್ರಿ ಗೋಡೆಗೆ ಡಿಕ್ಕಿ ಹೊಡೆಯತೊಡಗಿತು, ಮಾರನೆಯ ದಿನ ಕಣ್ಣು ಕಾಣಲಿಲ್ಲ, ಮೂರನೆಯ ದಿನ ಹೋಯಿತು.

ನಾನು ವಾಪಸು ಬಂದವಳೇ ಆ ವೈದ್ಯರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ನೀವೇ ಒಂದ್ಸಲ ತೆಗೆದು ನೋಡಿ ಮೇಡಂ" ಎಂದರು. ತೆಗೆದೆ. ಚೌಕ ಖಾಲಿಯಾಗಿತ್ತು. ಅವರ ಕ್ಷಮೆ ಕೇಳಿದೆ. ಆಮೇಲೆ ನಿಮಗೆ ಬರೆದೆ. ಒಂಬತ್ತು ದಿನದ ನಂತರ ನಿಮ್ಮ ಕಚೇರಿಯ ಉತ್ತರ: ಸದರಿ ಎಚ್ಚರಿಕೆಯನ್ನು ಕಳೆದ ವರ್ಷ ಇಂಥ ತಾರೀಖು, ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ತಮ್ಮದೇ ಪಾಸ್‌ವರ್ಡ್‌ನಿಂದ, ತಮ್ಮದೇ ಆಸ್ಪತ್ರೆಯ ಕಂಪ್ಯೂಟರಿನಿಂದ ತೆಗೆದುಹಾಕಲಾಗಿದೆ.

ಮಾನ್ಯರೇ, ಆ ತಾರೀಖನ್ನು ಯಾರೇ ಆರಿಸಿರಲಿ, ಸ್ವಲ್ಪ ನೋಡಿ ಆರಿಸಬೇಕಿತ್ತು. ಅಂದು ಹನ್ನೊಂದೂ ಇಪ್ಪತ್ತಕ್ಕೆ ನಾನು ನನ್ನ ಆಸ್ಪತ್ರೆಯಿಂದ ಮೂವತ್ತು ಕಿಲೋಮೀಟರ್ ದೂರದ ಡೈರಿಯಲ್ಲಿದ್ದೆ. ನನ್ನ ಬಲಗೈ ಭುಜದವರೆಗೆ ಒಂದು ಹಸುವಿನ ಗರ್ಭದೊಳಗಿತ್ತು. ಕರು ಅಡ್ಡ ತಿರುಗಿತ್ತು. ಹಗ್ಗ ಎಳೆಯಲು ಪಕ್ಕದಲ್ಲಿ ನಿಂತಿದ್ದವರು ಇದೇ ಕಾಂಪೌಂಡರ್. ಆಸ್ಪತ್ರೆಗೆ ಬೀಗ ಹಾಕಿ ಬಂದಿದ್ದೆವು. ಡೈರಿಯ ಗೇಟಿನ ರಿಜಿಸ್ಟರ್‌ನಲ್ಲಿ ನಾವು ಹತ್ತೂ ಐದಕ್ಕೆ ಒಳಗೆ ಬಂದದ್ದೂ ಒಂದೂ ಹತ್ತಕ್ಕೆ ಹೊರಗೆ ಹೋದದ್ದೂ ಇದೆ. ಹಸುವಿನ ಹೊಟ್ಟೆಯೊಳಗಿಂದ ನಿಮ್ಮ ಕಡತ ತಿದ್ದುವ ವಿದ್ಯೆ ನನಗಿನ್ನೂ ಬಂದಿಲ್ಲ. ಹಾಗಾದರೆ ಬೀಗ ಹಾಕಿದ ಕೋಣೆಯಲ್ಲಿ ನನ್ನ ಹೆಸರಿನಲ್ಲಿ ಕೂತಿದ್ದವರು ಯಾರು? ಯಾರೂ ಕೂತಿರಲಿಲ್ಲ ಎಂದಾದರೆ, ಕೂತಿದ್ದರು ಎಂದು ಬರೆದವರು ಯಾರು?

ಯಂತ್ರದ ದೋಷವಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೋಡಿದೆ. ಆಮೇಲೆ ಆ ಹನ್ನೊಂದು ಆಸ್ಪತ್ರೆಗಳಿಗೂ ಫೋನ್ ಮಾಡಿದೆ. ನಾಲ್ಕು ಕಡೆ ಇದೇ ಕಥೆ. ಅದೇ ವಾರ, ಅವರವರದೇ ಪಾಸ್‌ವರ್ಡ್‌ನಿಂದ, ಇದೇ ಒಂದು ಔಷಧಿಯ ಎಚ್ಚರಿಕೆಗಳು ಹೋಗಿವೆ. ಬೇರೆ ಔಷಧಿಗಳ ಎಚ್ಚರಿಕೆಗಳೆಲ್ಲ ಇದ್ದಲ್ಲೇ ಇವೆ. ಇಷ್ಟು ಆರಿಸಿ ತಿನ್ನುವ ಗೆದ್ದಲನ್ನು ನಾನು ನೋಡಿಲ್ಲ. ಆ ಎಚ್ಚರಿಕೆಗಳು ಹೋಗಿ ಒಂದು ತಿಂಗಳಿಗೆ ನಿಮ್ಮ ವಾರ್ಷಿಕ ಸಮ್ಮೇಳನ ನಡೆಯಿತು. ನಮಗೆಲ್ಲ ಕೊಟ್ಟ ಚೀಲದ ಮೇಲೆ ಆ ಔಷಧಿ ತಯಾರಿಸುವವರ ಮುದ್ರೆ ಇತ್ತು. ನಾನು ಆರೋಪ ಮಾಡುತ್ತಿಲ್ಲ, ನನ್ನ ಬಳಿ ಪುರಾವೆ ಇಲ್ಲ. ಚೀಲಕ್ಕೂ ಚೌಕಕ್ಕೂ ಸಂಬಂಧವೇ ಇಲ್ಲದಿರಬಹುದು. ಆದರೆ ಇದನ್ನು ವಿವರಿಸಿ ಎಂದು ಕೇಳಿದ ಎರಡನೆಯ ಪತ್ರದಲ್ಲಿ ನಾನು ಆ ಕಂಪನಿಯ ಹೆಸರನ್ನೇ ಎತ್ತಿರಲಿಲ್ಲ. ನಿಮ್ಮ ವಕೀಲರು ಮಾತ್ರ "ನಮ್ಮ ಪ್ರಾಯೋಜಕರ ಮೇಲೆ ಕೆಸರೆರಚುವ ಪ್ರಯತ್ನ" ಎಂದು ಬರೆದಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಅವರಿಗೆ ಗೊತ್ತಿಲ್ಲವೇನೋ. ಪತ್ರದ ಜೊತೆಗೇ ನನ್ನ ಪಾಸ್‌ವರ್ಡನ್ನೂ ತಡೆಹಿಡಿದಿದ್ದೀರಿ. ಈಗ ನನ್ನ ರೋಗಿಗಳ ಕಡತಗಳನ್ನು ನನ್ನ ಹೊರತು ಎಲ್ಲರೂ ನೋಡಬಹುದು.

ಆ ಹೆಂಗಸಿನ ಮನೆಗೆ ನೋಟ್‌ಬುಕ್ ಹಿಡಿದುಕೊಂಡು ಹೋಗಿದ್ದೆ. ಕುರಿಗಳನ್ನು ತಾನೇ ಅಟ್ಟಿಕೊಂಡು ಬಂದು ಸುಸ್ತಾಗಿ ಕೂತಿದ್ದಳು. ಅಡಿಗೆರೆ ಎಳೆದ ಸಾಲನ್ನು ತೋರಿಸಿದೆ. ಆಕೆ ಆ ಗೆರೆಯ ಮೇಲೆ ಬೆರಳಿಟ್ಟಳು.

"ನೀವು ಬರ್ದಿದ್ದು ನಿಜ ಡಾಕ್ಟ್ರಮ್ಮ. ಅವರು ನೋಡಿದಾಗ ಇರ್ಲಿಲ್ಲ, ಅದೂ ನಿಜ. ಅವತ್ತು ನಾನು ಬಾಯ್ಬಿಟ್ಟು ಹೇಳಿದ್ದೆ, ಒಂದು ಆಗಿಬರಲ್ಲ ಅಂತ. ಇಲ್ಲಿ ಇಲ್ಲ ಅಂದ್ಮೇಲೆ ನನ್ನ ಮಾತನ್ನ ನಾನೇ ನಂಬಲಿಲ್ಲ ನೋಡಿ" ಎಂದಳು.

ಇದಕ್ಕೆ ಆಕೆಗೆ ಏನು ಹೇಳಬೇಕು? ನಿಮಗೆ ಹೊಳೆದರೆ ತಿಳಿಸಿ.

ನಾನು ಕೇಳುವುದು ಇಷ್ಟೇ. ಆ ವಾರ ನಿಮ್ಮ ವ್ಯವಸ್ಥೆಯಲ್ಲಿ ಯಾರು, ಎಲ್ಲಿಂದ, ಏನನ್ನು ತಿದ್ದಿದರು ಎಂಬ ಪೂರ್ತಿ ದಾಖಲೆಯನ್ನು ಸಂಘಕ್ಕೆ ಸೇರದ ಪರಿಣತರ ಕೈಗೆ ಕೊಡಿ. ಅದಕ್ಕೂ ಮೊದಲು, ಇವತ್ತೇ, ಆ ಔಷಧಿಯ ಎಚ್ಚರಿಕೆಗಳು ಅಳಿಸಿಹೋಗಿರಬಹುದು ಎಂದು ಎಲ್ಲ ಆಸ್ಪತ್ರೆಗಳಿಗೂ ತಿಳಿಸಿ. ಯಾಕೆಂದರೆ ನಾನು ವಿಚಾರಿಸಿದ್ದು ಹನ್ನೊಂದು ಕಡೆ. ನಿಮ್ಮ ಸದಸ್ಯರು ನಾನೂರಕ್ಕೂ ಹೆಚ್ಚು. ಆ ನಾನೂರು ಕಡೆಗಳಲ್ಲಿ ಯಾರೋ ಒಬ್ಬರು ಈ ಹೊತ್ತು ಖಾಲಿ ಚೌಕ ನೋಡಿ ಸಿರಿಂಜ್ ತುಂಬಿಸುತ್ತಿರಬಹುದು.

ಇಂತಿ,
ನೀವು ಹೊರಗೆ ಹಾಕುವವರೆಗೆ ನಿಮ್ಮ ಸದಸ್ಯೆಯೇ ಆಗಿರುವ
ಒಬ್ಬ ಪಶುವೈದ್ಯೆ