ನೀವು ಅನ್ನದ ‘ಹೂಂ’

ಮನಸ್ಸಿನ ಡಾಕ್ಟರ್ ಮೇಡಂ ಅವರಿಗೆ, ಸಾರವಾಡದ ಸುವರ್ಣಾ ಮಾಡುವ ನಮಸ್ಕಾರ.

ನಮ್ಮೂರಲ್ಲಿ ಯಾರಾದರೂ ಕಷ್ಟ ಹೇಳಿಕೊಂಡರೆ ಕೇಳುವವರು ‘ಹೂಂ’ ಎನ್ನಬೇಕು, ಇಲ್ಲದಿದ್ದರೆ ಅವಮಾನ. ಎಂಟು ತಿಂಗಳು ವಿಜಯಪುರದ ಬಸ್ಸು ಹತ್ತಿ ಬಂದೆ. ನೀವು ಅಷ್ಟೂ ಅನ್ನಲಿಲ್ಲ. ಮೊದಲ ದಿನವೇ ‘ನಾ ಸುಮ್ಮನಿದ್ರನ ನಿಮ್ಮ ಮಾತು ಹೊರಗ ಬರ್ತಾವ್ರಿ’ ಎಂದಿದ್ದಿರಿ. ಆ ಮೌನವನ್ನು ನಂಬಿ, ನನಗೆ ಮಗು ಬೇಡವೆಂಬುದನ್ನು ನಿಮ್ಮೊಬ್ಬರಿಗೇ ಹೇಳಿದೆ.

ನಿನ್ನೆ ರೊಟ್ಟಿ ಬಡಿಯುವಾಗ ಅತ್ತೆ ಕೇಳಿದರು: ‘ಕೂಸು ಬ್ಯಾಡಂದಿಯಂತಲ್ಲ ಬೇ? ನನ್ನ ಮಗ ಫೋನ್ ಹಚ್ಚಿದಾಗ ಡಾಕ್ಟರೇ ಹೇಳ್ಯಾರ.’

ನಾನು ‘ಹೂಂ’ ಎಂದೆ.

ಗುರುವಾರ ನನ್ನ ಸಮಯಕ್ಕೆ ಯಜಮಾನರು ಬರುತ್ತಾರೆ. ಇನ್ನೂ ಏನೇನೋ ಕೇಳುತ್ತಾರೆ. ದಯವಿಟ್ಟು, ನನ್ನೆದುರು ತುಟಿ ಬಿಚ್ಚದೆ ಕೂತಂತೆ ಅವರೆದುರೂ ಕೂತುಬಿಡಿ.

ಇನ್ನು ಬಾರದ,
ಸುವರ್ಣಾ